9999 ಇನ್ 1: ನಮ್ಮೂರ ಟಿವಿ ಗೇಮಿನ ಲೆಕ್ಕ

ಇಯರ್‌ಫೋನ್ ಹಾಕ್ಕೊಂಡೀರಿ? ಇವತ್ತು ಟಿವಿ ಗೇಮಿನ ಕತಿ.

2006ರ ನವೆಂಬರ್‌ನಲ್ಲಿ ಅಮೆರಿಕದೊಳಗ ಪ್ಲೇಸ್ಟೇಷನ್ 3 ಬಂತು. ದೊಡ್ಡ ಮಾಡೆಲ್‌ಗೆ 599 ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 27 ಸಾವಿರ ರೂಪಾಯಿ. ಅದೇ ಸುಗ್ಗಿಯಲ್ಲಿ ನಮ್ಮಪ್ಪ ಉಳ್ಳಾಗಡ್ಡಿ ಮಾರಿ, ಹುಬ್ಬಳ್ಳಿಯಿಂದ ನವಲಗುಂದ ಬಸ್ಸಿನಲ್ಲಿ ಒಂದು ಟಿವಿ ಗೇಮ್ ಹಿಡಕೊಂಡು ಬಂದರು. 450 ರೂಪಾಯಿ. ಜೊತೆಗೊಂದು ಹಳದಿ ಕ್ಯಾಸೆಟ್, ಅದರ ಮೇಲೆ ‘9999 ಇನ್ 1’.

ಒಂಬತ್ತು ವರ್ಷದವ ನಾನು, ನೋಟ್‌ಬುಕ್‌ನಾಗ ಪಟ್ಟಿ ಮಾಡಾಕ ಕುಂತೆ. ಹನ್ನೊಂದರ ನಂತರ ಹೊಸದು ಬರಲೇ ಇಲ್ಲ. ಅವೇ ಗೇಮು, ಬೇರೆ ಲೆವೆಲ್‌ನಿಂದ ಶುರು, ಇಲ್ಲಾ ಜೀವ ಹೆಚ್ಚು.

ಆ ಡಬ್ಬಿಯ ಮೂಲ, 1983ರ ಜುಲೈಯಲ್ಲಿ ಜಪಾನಿನ ನಿಂಟೆಂಡೊ ಬಿಟ್ಟ ಫ್ಯಾಮಿಕಾಮ್. ಬೆಲೆ 14,800 ಯೆನ್. 8 ಬಿಟ್ ಪ್ರೊಸೆಸರ್, ಕೆಲಸದ ಮೆಮರಿ ಬರೇ 2 ಕೆಬಿ. ನಿಂಟೆಂಡೊ ಅದನ್ನು ಮಾಡೋದು ನಿಲ್ಲಿಸಿದ್ದೇ 2003ರಲ್ಲಿ, ನಮಗೆ ಸಿಕ್ಕಿದ್ದು ಆಮೇಲೆ! ನಕಲು ಮಾಡುವವರು ಇಡೀ ಸರ್ಕ್ಯೂಟನ್ನು ಒಂದೇ ಚಿಪ್ಪಿಗೆ ಇಳಿಸಿ, ಮೇಲೆ ಕರಿ ಅಂಟು ಹನಿಸಿಬಿಟ್ಟಿದ್ದರು. ನಮ್ಮದನ್ನ ಬಿಚ್ಚಿ ನೋಡಿದ್ರೆ ಒಂದು ಕರಿ ಚುಕ್ಕಿ, ಉಳಿದ ಡಬ್ಬಿ ಖಾಲಿ. ಅಷ್ಟು ಅಗ್ಗ ಆಗಿದ್ದು ಹಿಂಗ.

ಹಂಗಂತ ಗೇಮ್ ಕಳಪೆ ಅಲ್ರಿ. 1985ರ ಸೂಪರ್ ಮಾರಿಯೊ ಬ್ರದರ್ಸ್ ಪೂರಾ 40 ಕೆಬಿ. ನಿಮ್ಮ ಮಾವ ಕಳಿಸೋ ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಭಾರ ಇರ್ತದ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಅಷ್ಟೇ ಬೇರೆ. ವರ್ಷಗಟ್ಟಲೆ ಆಡಿದರೂ ನಮಗ ಗೊತ್ತಾಗಲಿಲ್ಲ. ಸೇವ್ ಮಾತ್ರ ಇಲ್ಲ. ಕರೆಂಟ್ ಹೋತಂದ್ರೆ ಮೊದಲಿಂದ. ನಮ್ಮೂರ ಕರೆಂಟ್ ನಿಮಗ ಗೊತ್ತಲ್ಲ! ಕೊನೆಯ ಲೆವೆಲ್ ನಾನು ನೋಡಿದ್ದು ಕಾಲೇಜಿಗೆ ಬಂದ ಮೇಲೆ, ಯೂಟ್ಯೂಬ್‌ನಲ್ಲಿ.

ಬಿ.ಕಾಂ.ನಲ್ಲಿ ಕಾಸ್ಟಿಂಗ್ ಓದುವಾಗ ಆ 450 ರೂಪಾಯಿಯನ್ನು ಭಾಗ ಮಾಡಿ ಬರೆದೆ. ಚಿಪ್ಪು, ಪ್ಲಾಸ್ಟಿಕ್, ಸಾಗಣೆ, ಅಂಗಡಿಯವನ ಲಾಭ. ಗೇಮ್ ಮಾಡಿದವರ ಸಾಲಿಗೆ ಸೊನ್ನೆ. ದುಡ್ಡು ಹೋಗಲಿ, ಹೆಸರೂ ಇಲ್ಲ; ನಮ್ಮ ಕ್ಯಾಸೆಟ್‌ನಾಗ ನಿಂಟೆಂಡೊ ಅನ್ನೋ ಪದವನ್ನೇ ಅಳಿಸಿದ್ದರು. ಶಿಗೆರು ಮಿಯಾಮೊಟೊ ಯಾರು ಅಂತ ನನಗೆ ತಿಳಿಯೋ ಹೊತ್ತಿಗೆ ಇಪ್ಪತ್ತು ದಾಟಿತ್ತು. ಕದ್ದ ಮಾಲು, ಒಪ್ಕೋತೀನಿ. ಆದ್ರ 27 ಸಾವಿರ ಕೊಟ್ಟು ಆಡು ಅಂದಿದ್ರೆ ನಾನು ಆಡ್ತಾನೇ ಇರಲಿಲ್ಲ, ಅದೂ ಖರೇನ.

ಅಪ್ಪ ಮಾತ್ರ ಇವತ್ತಿಗೂ ಕೇಳೋದು ಒಂದೇ: “ಉಳಿದ 9988 ಎಲ್ಲಿ ಹೋದವೋ?”