ಕೈಯಿಂದ ಕಲಿತ ಶಾರೀರವಿದ್ಯೆ

ಅಡಿಗೆಮನೆಯಲ್ಲಿ ಸೋರೆಕಾಯಿ ಹೆಚ್ಚುವುದನ್ನು ತಾವು ದಿನವೂ ನೋಡುತ್ತೀರಿ. ಇದು ಒಂದು ಕಾಲದಲ್ಲಿ ಶಸ್ತ್ರವೈದ್ಯನ ಮೊದಲ ಪಾಠವಾಗಿತ್ತೆಂದರೆ ನಂಬುವಿರಾ?

ಸುಶ್ರುತ ಸಂಹಿತೆಯಲ್ಲಿ ಅದರ ವಿಧಿಯೇ ಇದೆ. ಶಿಷ್ಯನು ರೋಗಿಯ ಮೈಮೇಲೆ ಶಸ್ತ್ರವಿಡುವ ಮೊದಲು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕು. ನೀರೋ ಕೆಸರೋ ತುಂಬಿದ ತೊಗಲಿನ ಚೀಲವನ್ನು ಸೀಳಬೇಕು. ರಕ್ತನಾಳ ಚುಚ್ಚುವುದಕ್ಕೆ ತಾವರೆಯ ದಂಟು. ಒಳಗಿನದನ್ನು ಕಿತ್ತು ತೆಗೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಹೊಲಿಗೆಗೆ ದಪ್ಪ ಬಟ್ಟೆ. ಪಟ್ಟಿ ಕಟ್ಟಲು ಬೊಂಬೆಯ ಕೈಕಾಲು. ಎಷ್ಟೇ ಓದಿದವನಾಗಲಿ, ಈ ಅಭ್ಯಾಸವಿಲ್ಲದಿದ್ದರೆ ಕೆಲಸಕ್ಕೆ ಬಾರನು ಎಂಬುದು ಗ್ರಂಥದ ಖಂಡಿತವಾದ ಅಭಿಪ್ರಾಯ.

ದೇಹದ ಒಳಗನ್ನು ಅರಿಯುವ ಕ್ರಮ ಇನ್ನೂ ವಿಚಿತ್ರ. ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದವನ ಶವವನ್ನು ದರ್ಭೆ, ಸೆಣಬು, ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಜನ ಕಾಣದ ಕಡೆ ಹರಿಯುವ ನೀರಿನಲ್ಲಿ ಇರಿಸಬೇಕು. ಏಳು ರಾತ್ರಿ ಕಳೆದ ಮೇಲೆ, ಚೆನ್ನಾಗಿ ಮೆತ್ತಗಾದ ಆ ದೇಹವನ್ನು ಲಾವಂಚ, ಕೂದಲು, ಬಿದಿರುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ತೊಡಗಿ ಒಂದೊಂದು ಪದರವನ್ನೂ ಕಣ್ಣಾರೆ ನೋಡಬೇಕು. ಈ ವರ್ಣನೆಯಲ್ಲಿ ಕತ್ತಿಯ ಮಾತೇ ಇಲ್ಲವೆಂಬುದನ್ನು ಗಮನಿಸಿ. ಆ ವಾಸನೆಯಲ್ಲಿ ಕುಳಿತು ಕಲಿತವರ ತಾಳ್ಮೆಗೆ ಏನೆನ್ನೋಣ!

ಕಾಲಕ್ರಮದಲ್ಲಿ ಇದು ಬಿಟ್ಟುಹೋಯಿತು. ಶವ ಮುಟ್ಟಿದರೆ ಮೈಲಿಗೆ ಎಂಬ ಭಾವನೆ ಬಲವಾಗಿತ್ತು. ಪುಸ್ತಕ ಉಳಿಯಿತು, ಕೈ ಹಿಂದೆ ಸರಿಯಿತು.

ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದವರೊಬ್ಬರು ಕಲ್ಕತ್ತೆಯಲ್ಲಿದ್ದರು: ಪಂಡಿತ ಮಧುಸೂದನ ಗುಪ್ತರು. ವೈದ್ಯ ಜಾತಿಯವರು, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಹೇಳುತ್ತಿದ್ದವರು. 1835ರಲ್ಲಿ ಅಲ್ಲಿಯ ವೈದ್ಯ ತರಗತಿ ನಿಂತು ಹೊಸ ಮೆಡಿಕಲ್ ಕಾಲೇಜು ತೆರೆದಾಗ ಅದಕ್ಕೆ ಬಂದರು. ಅಲ್ಲಿ ಶವಚ್ಛೇದವಿಲ್ಲದೆ ಪಾಠ ಸಾಗದು. ಮುಟ್ಟಿದರೆ ಜಾತಿ ಕೆಡುವ ಭಯ. ಮುಟ್ಟದಿದ್ದರೆ ವಿದ್ಯೆ ಇಲ್ಲ. ವಿದ್ಯಾರ್ಥಿಗಳ ಮನೆಯವರು ಏನೆಂದಾರು, ಯಾರು ಹೆಣ್ಣು ಕೊಟ್ಟಾರು ಎಂಬ ಚಿಂತೆಯೂ ಸಣ್ಣದಾಗಿರಲಾರದು.

1836ರಲ್ಲಿ ಪಂಡಿತರು ಕತ್ತಿ ಹಿಡಿದರು. ಹೊಸ ಪದ್ಧತಿಯಲ್ಲಿ ಮನುಷ್ಯದೇಹವನ್ನು ಕೊಯ್ದ ಮೊದಲ ಹಿಂದೂ ಎಂದು ಚರಿತ್ರಕಾರರು ಸಾಮಾನ್ಯವಾಗಿ ಹೆಸರಿಸುವುದು ಇವರನ್ನೇ. ಆ ಹೊತ್ತಿಗೆ ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿದರೆಂಬ ಕಥೆಯೂ ಉಂಟು. ನಂಬುವುದು ಬಿಡುವುದು ತಮಗೆ ಸೇರಿದ್ದು. ತೋಪಿಗಿಂತ ನನಗೆ ಹೆಚ್ಚಾಗಿ ತೋರುವುದು ಬೇರೊಂದು ಸಂಗತಿ. ಸುಶ್ರುತ ಸಂಹಿತೆಯನ್ನು ಮೊಟ್ಟಮೊದಲು ಅಚ್ಚು ಹಾಕಿಸಿದ ಪಂಡಿತರೂ ಇವರೇ. ಮೊದಲ ಸಂಪುಟ 1835ರಲ್ಲಿ ಬಂತು. ಎರಡನೆಯದು, ಅವರು ಕತ್ತಿ ಹಿಡಿದ ಆ 1836ರಲ್ಲಿಯೇ.