ಕಲ್ಕತ್ತೆಯ ಮೂಡಣ ಜೌಗು: ಅದು ಉಳಿದ ಬಗೆ

ಕಲ್ಕತ್ತೆಗೆ ಬಂದ ಕನ್ನಡಿಗರು ದಕ್ಷಿಣೇಶ್ವರವನ್ನು ನೋಡದೆ ಹಿಂದಿರುಗುವುದು ಅಪರೂಪ. ಭವತಾರಿಣಿಯ ದರ್ಶನ, ಶ್ರೀ ರಾಮಕೃಷ್ಣರು ವಾಸವಿದ್ದ ಕೊಠಡಿ, ಪಂಚವಟಿ, ಅಲ್ಲಿಂದ ದೋಣಿಯಲ್ಲಿ ಆಚೆ ದಡದ ಬೇಲೂರು ಮಠ: ಇದು ನಮ್ಮವರ ವಾಡಿಕೆಯ ಕ್ರಮ. 1855ರ ಮೇ 31ರಂದು ಪ್ರತಿಷ್ಠೆಯಾದ ಈ ದೇವಾಲಯವನ್ನು ಕಟ್ಟಿಸಿದವಳು ರಾಣಿ ರಾಸಮಣಿ ಎಂಬುದೂ ಎಲ್ಲರಿಗೂ ತಿಳಿದದ್ದೇ. ಆದರೆ ಬಂಗಾಳದ ಬೆಸ್ತರು ಆಕೆಯನ್ನು ನೆನೆಯುವುದು ದೇವಾಲಯದ ಕಾರಣದಿಂದ ಮಾತ್ರವಲ್ಲ.

ಗಂಗೆಯಲ್ಲಿ ಬಲೆ ಬೀಸುವುದಕ್ಕೆ ಕಂಪನಿ ಸರ್ಕಾರ ತೆರಿಗೆ ಹಾಕಿತು. ಬೆಸ್ತರು ರಾಣಿಯ ಬಳಿಗೆ ಬಂದು ಮೊರೆಯಿಟ್ಟರು. ಆಕೆ ಜಗಳಕ್ಕೆ ಹೋಗಲಿಲ್ಲ. ಹತ್ತು ಸಾವಿರ ರೂಪಾಯಿ ಕೊಟ್ಟು ನದಿಯ ಒಂದು ಭಾಗವನ್ನೇ ಕಂಪನಿಯಿಂದ ಗುತ್ತಿಗೆಗೆ ಪಡೆದಳು. ಪತ್ರ ಕೈಗೆ ಬಂದ ಮೇಲೆ ದಡದಿಂದ ದಡಕ್ಕೆ ಕಬ್ಬಿಣದ ಸರಪಣಿ ಬಿಗಿಸಿ ಹಡಗುಗಳ ಓಡಾಟವನ್ನೇ ತಡೆದಳು. ಹಡಗು ಓಡಾಡಿದರೆ ಮೀನು ಬೆದರುತ್ತದೆ, ನನ್ನ ಗುತ್ತಿಗೆಗೆ ನಷ್ಟ ಎಂಬುದು ಆಕೆಯ ವಾದ. ಕಂಪನಿ ತೆರಿಗೆಯನ್ನು ಹಿಂತೆಗೆದುಕೊಂಡಿತು. ಇಲ್ಲಿನ ಹಿರಿಯರು ಇಂದಿಗೂ ಸಂತೋಷದಿಂದ ಹೇಳುವ ಕತೆ ಇದು. ಮೀನುಗಾರರ ಸಮುದಾಯಕ್ಕೆ ಹತ್ತಿರವಾದ ಕೈವರ್ತ ಕುಲದಲ್ಲಿ ಹುಟ್ಟಿದವಳಾದ್ದರಿಂದ ಆಕೆಗೆ ಅವರ ಕಷ್ಟ ಕೇಳಿ ತಿಳಿಯಬೇಕಾಗಿರಲಿಲ್ಲ.

ಈ ಪ್ರಸಂಗವನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವುಂಟು. ನೀರನ್ನು ನಂಬಿ ಬದುಕುವವರಿಗೂ ಆ ನೀರಿನ ಮೇಲೆ ಅಧಿಕಾರವುಳ್ಳವರಿಗೂ ನಡೆದ ಇಂಥದೇ ಇನ್ನೊಂದು ವ್ಯವಹಾರ, ಸುಮಾರು ಒಂದೂವರೆ ಶತಮಾನದ ನಂತರ, ಇದೇ ಊರಿನ ಪೂರ್ವದ ಅಂಚಿನಲ್ಲಿ ನಡೆಯಿತು. ಅಲ್ಲಿಯೂ ಕೆಲಸಕ್ಕೆ ಬಂದದ್ದು ಒಂದು ಕಾಗದ. ಆ ಕತೆ ನಮ್ಮ ಸಂಘದ ಸದಸ್ಯರಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. ಆ ಜೌಗು ನೆಲದಲ್ಲಿ ಬೆಳೆದ ಹೂಕೋಸನ್ನೂ ಮೀನನ್ನೂ ನಾವು ತಿನ್ನುತ್ತಿದ್ದೇವೆ. ನಮ್ಮಲ್ಲಿ ಹಲವರು ಆ ಜೌಗನ್ನು ತುಂಬಿದ ನೆಲದ ಮೇಲೆಯೇ ಕಚೇರಿಗೆ ಹೋಗಿಬರುತ್ತಿದ್ದೇವೆ.

ಹೊರಗಿನವರಿಗೆ ಕಲ್ಕತ್ತೆ ಗಂಗೆಯ ಕಡೆಗೆ ಇಳಿಜಾರಾಗಿರಬೇಕೆಂದು ತೋರುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ಹೂಗ್ಲಿ ನದಿ ಸಾವಿರಾರು ವರ್ಷ ಹೂಳು ತಂದು ಸುರಿದು ತನ್ನ ದಡವನ್ನೇ ಎತ್ತರ ಮಾಡಿಕೊಂಡಿದೆ; ಊರಿನ ನೆಲ ನದಿಗೆ ಬೆನ್ನು ಹಾಕಿ ಪೂರ್ವಕ್ಕೆ ಇಳಿಯುತ್ತದೆ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಒಳಚರಂಡಿ ಕಟ್ಟಿದ ಇಂಜಿನಿಯರು ವಿಲಿಯಂ ಕ್ಲಾರ್ಕ್ ನಗರದ ಕೊಳಚೆಯನ್ನು ಪೂರ್ವದ ಉಪ್ಪುನೀರಿನ ಜೌಗಿನ ಕಡೆಗೆ ತಿರುಗಿಸಿದ. ನಗರದ ಕಸವೂ ಅದೇ ದಿಕ್ಕಿಗೆ ಹೋಯಿತು. ಧಾಪಾ ಎಂಬಲ್ಲಿ ಕಸ ಸುರಿಯಲು ಪುರಸಭೆ ಜಮೀನು ಪಡೆಯಿತು. ಆ ಕಸದ ದಿಬ್ಬಗಳ ಮೇಲೆ ತರಕಾರಿ ಬೆಳೆಯುವ ಪದ್ಧತಿ ಆ ಶತಮಾನದ ಕೊನೆಯ ಭಾಗದಲ್ಲೇ ಶುರುವಾಯಿತು.

ಆ ಜೌಗಿಗೆ ಸಮುದ್ರದ ಉಬ್ಬರವನ್ನು ತರುತ್ತಿದ್ದದ್ದು ಬಿದ್ಯಾಧರಿ ನದಿ. ಅದರ ಪಾತ್ರ ಹೂಳು ತುಂಬಿ, ಕೊನೆಗೆ 1928ರಲ್ಲಿ ನೀರಾವರಿ ಇಲಾಖೆ ನದಿ ಸತ್ತಿತೆಂದು ಘೋಷಿಸಿತು. ಉಪ್ಪುನೀರು ನಿಂತಿತು, ಉಪ್ಪುನೀರಿನ ಮೀನೂ ಹೋಯಿತು. ಬೇರೆ ಊರಿನಲ್ಲಾಗಿದ್ದರೆ ಬೆಸ್ತರು ಗುಳೆ ಹೋಗುತ್ತಿದ್ದರೇನೋ. ಇಲ್ಲಿನವರು ನಗರದಿಂದ ಹರಿದು ಬರುತ್ತಿದ್ದ ಕೊಳಚೆ ನೀರನ್ನೇ ಕೆರೆಗೆ ಬಿಟ್ಟುಕೊಂಡು ರೋಹು, ಕಾಟ್ಲಾ, ಮೃಗಾಲ ಸಾಕಿ ನೋಡಿದರು. ಬಿಧುಭೂಷಣ ಸರ್ಕಾರ್ ಎಂಬ ಜಮೀನುದಾರರು ಮೊದಲಿಗರೆಂದು ಹೇಳುತ್ತಾರೆ. ಈ ಕೆರೆಗಳಿಗೆ ಬಂಗಾಳಿಯಲ್ಲಿ ‘ಭೇಡಿ’ ಎಂದು ಹೆಸರು. ಕೆಲವರು ಭೇರಿ ಎಂದೂ ಬರೆಯುವುದರಿಂದ, ಇದು ನಮ್ಮ ನಗಾರಿಯ ಭೇರಿಯಲ್ಲ ಎಂದು ಹೇಳಿಬಿಡುವುದು ಮೇಲು. ಮೂಲದಲ್ಲಿ ಇದರ ಅರ್ಥ ಮಣ್ಣಿನ ಒಡ್ಡು.

ಭೇಡಿಯಲ್ಲಿ ನಡೆಯುವ ರಸಾಯನಕ್ರಿಯೆ ಬಿ.ಎಸ್‌ಸಿ. ತರಗತಿಯ ಪಾಠಕ್ಕಿಂತ ಕಷ್ಟದ್ದಲ್ಲ. ಕೆರೆಯ ಆಳ ಸಾಮಾನ್ಯವಾಗಿ ಆಳುದ್ದಕ್ಕಿಂತ ಕಡಿಮೆ. ಆದ್ದರಿಂದ ಸೂರ್ಯನ ಬೆಳಕು ತಳದವರೆಗೂ ಇಳಿಯುತ್ತದೆ. ಕೊಳಚೆಯಲ್ಲಿರುವ ಸಾವಯವ ಪದಾರ್ಥವನ್ನು ಬ್ಯಾಕ್ಟೀರಿಯಗಳು ಒಡೆಯುತ್ತವೆ. ಬಿಡುಗಡೆಯಾದ ಸಾರಜನಕ, ರಂಜಕಗಳನ್ನು ತಿಂದು ಪಾಚಿ ಬೆಳೆಯುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆ. ಆ ಆಮ್ಲಜನಕದಿಂದ ಬ್ಯಾಕ್ಟೀರಿಯಗಳ ಕೆಲಸ ಸಾಗುತ್ತದೆ. ಪಾಚಿ ಮಿತಿ ಮೀರದಂತೆ ಮೀನು ಅದನ್ನು ಮೇಯುತ್ತದೆ. ಒಡ್ಡಿನ ಅಂಚಿಗೆ ಅಂತರಗಂಗೆಯ ಗಿಡವನ್ನು ಬಿದಿರು ಕಟ್ಟಿ ನಿಲ್ಲಿಸಿರುತ್ತಾರೆ. ಅಲೆಯ ಹೊಡೆತಕ್ಕೆ ಮಣ್ಣು ಕುಸಿಯದು. ನೀರಿನಲ್ಲಿರುವ ಲೋಹದ ಅಂಶವನ್ನೂ ಗಿಡ ಸ್ವಲ್ಪಮಟ್ಟಿಗೆ ಹೀರುತ್ತದೆ. ಹೊರಬಿದ್ದ ನೀರು ಭತ್ತದ ಗದ್ದೆಗೆ ಹೋಗುತ್ತದೆ. ವಿದ್ಯುತ್ತಿಲ್ಲ, ಯಂತ್ರವಿಲ್ಲ. ಎಷ್ಟು ಕೊಳಚೆಗೆ ಎಷ್ಟು ನೀರು, ಎಷ್ಟು ದಿನ ಬಿಸಿಲು, ಯಾವಾಗ ಮರಿ ಬಿಡುವುದು ಎಂಬ ಲೆಕ್ಕ ಬೆಸ್ತರ ಕಣ್ಣಿನಲ್ಲೂ ಮೂಗಿನಲ್ಲೂ ಇದೆ. ನಗರದ ಕೊಳಚೆ ದಿನಕ್ಕೆ 75 ಕೋಟಿ ಲೀಟರು ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. ಅದರಲ್ಲಿ ದೊಡ್ಡ ಪಾಲು ಹೀಗೆ ಪುಕ್ಕಟೆಯಾಗಿ ತಿಳಿಯಾಗುತ್ತದೆ.

ಆದರೆ ಇದೆಲ್ಲ ಯಾವ ಕಡತದಲ್ಲೂ ಇರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಅದು ಬರೀ ಜೌಗು, ಹಾಳುಭೂಮಿ. ದೇಶ ವಿಭಾಗವಾದ ಮೇಲೆ ಕಲ್ಕತ್ತೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಆಗಿನ ಮುಖ್ಯಮಂತ್ರಿ ಡಾ. ಬಿಧಾನಚಂದ್ರ ರಾಯರು ಉತ್ತರದ ಜೌಗನ್ನು ತುಂಬಿ ಹೊಸ ನಗರ ಕಟ್ಟಲು ನಿಶ್ಚಯಿಸಿದರು. 1962ರ ಏಪ್ರಿಲ್‌ನಲ್ಲಿ ಕೆಲಸ ಆರಂಭವಾಯಿತು. ಯುಗೊಸ್ಲಾವಿಯದ ಕಂಪನಿಯೊಂದು ಹೂಗ್ಲಿಯ ತಳದ ಹೂಳನ್ನು ನೀರಿನೊಡನೆ ಕಲಸಿ ಕೊಳವೆಗಳಲ್ಲಿ ಮೈಲಿಗಟ್ಟಲೆ ದೂರ ತಳ್ಳಿ ಕೆರೆಗಳನ್ನು ತುಂಬಿತು. ನಕ್ಷೆ ಬರೆದವರು ಅದೇ ದೇಶದ ತೊಷ್ಕೊವಿಚ್. ರಾಣಿ ರಾಸಮಣಿ ಗುತ್ತಿಗೆ ಹಿಡಿದಿದ್ದ ನದಿಯ ಮಣ್ಣಿನಿಂದಲೇ ಬೆಸ್ತರ ಕೆರೆಗಳು ಮುಚ್ಚಿದವು. ಆ ಊರು ಇಂದಿನ ಸಾಲ್ಟ್ ಲೇಕ್, ಅಂದರೆ ಬಿಧಾನನಗರ. ಅಗಲವಾದ ರಸ್ತೆ, ಮರ, ಉದ್ಯಾನ ಎಲ್ಲವೂ ಇರುವ ಚೊಕ್ಕ ಊರು. ಕೇಂದ್ರ ಸರ್ಕಾರದ ಕಚೇರಿಗಳ ಸಿ.ಜಿ.ಓ. ಕಾಂಪ್ಲೆಕ್ಸೂ ಅಲ್ಲಿಯೇ. ಮನೆಯಿಲ್ಲದವರಿಗೆ ಮನೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮೀನು ಹಿಡಿಯುತ್ತಿದ್ದ ಕುಟುಂಬಗಳು ಏನಾದವು ಎಂಬುದನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ. ಕಳೆದುಕೊಂಡದ್ದನ್ನು ಎಣಿಸುವವರಿಲ್ಲದಿದ್ದರೆ ಏನೂ ಕಳೆದುಹೋಗಿಲ್ಲವೆಂದೇ ಲೆಕ್ಕ.

ಎಣಿಸಿದವರು ಇಪ್ಪತ್ತು ವರ್ಷ ತಡವಾಗಿ ಬಂದರು. ರಾಜ್ಯ ಸರ್ಕಾರದ ಇಂಜಿನಿಯರ್ ಧ್ರುವಜ್ಯೋತಿ ಘೋಷ್ ಅವರಿಗೆ 1980ರ ದಶಕದ ಆರಂಭದಲ್ಲಿ, ನಗರದ ಕೊಳಚೆ ನೀರನ್ನು ಮತ್ತೆ ಉಪಯೋಗಿಸಲು ಸಾಧ್ಯವೇ ನೋಡಿ ಎಂದು ಕೆಲಸ ಒಪ್ಪಿಸಲಾಯಿತು. ಅವರು ಪುಸ್ತಕ ತೆರೆಯುವ ಬದಲು ಕೊಳಚೆ ಕಾಲುವೆಯ ಜಾಡು ಹಿಡಿದು ಹೊರಟರು. ಕಾಲುವೆ ಕೊನೆಗೊಂಡದ್ದು ಬೆಸ್ತರ ಕೆರೆಗಳಲ್ಲಿ. ಸಾಧ್ಯವೇ ಎಂದು ಸರ್ಕಾರ ಕೇಳಿದ್ದ ಕೆಲಸ ಅಲ್ಲಿ ಐವತ್ತು ವರ್ಷದಿಂದ ನಡೆಯುತ್ತಿತ್ತು! ‘ಪೂರ್ವ ಕಲ್ಕತ್ತ ಜೌಗು ಪ್ರದೇಶ’ ಎಂಬ ಹೆಸರು ಕೊಟ್ಟವರೂ, ಅದರ ಗಡಿ ಗುರುತಿಸಿ ಯಾವುದು ಮೀನು ಕೆರೆ, ಯಾವುದು ಗದ್ದೆ, ಯಾವುದು ತರಕಾರಿ ತೋಟ ಎಂದು ನಕ್ಷೆ ಬರೆದವರೂ ಅವರೇ. 1990ರಲ್ಲಿ ವಿಶ್ವಸಂಸ್ಥೆಯ ‘ಗ್ಲೋಬಲ್ 500’ ಗೌರವ ಅವರಿಗೆ ಸಂದಿತು.

ಆ ನಕ್ಷೆ ಬೀರುವಿನಲ್ಲಿ ಧೂಳು ತಿನ್ನಬಹುದಿತ್ತು. ಸರ್ಕಾರಿ ನೌಕರಿಯಲ್ಲಿರುವವರಿಗೆ ಇಂಥ ನಕ್ಷೆಗಳ ಗತಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಈಸ್ಟರ್ನ್ ಮೆಟ್ರೊಪಾಲಿಟನ್ ಬೈಪಾಸ್ ರಸ್ತೆ ಬಂದು, ಅದರ ಅಂಚಿನ ನೆಲಕ್ಕೆ ಬೆಲೆ ಏರಿತ್ತು. 1990ರ ಆಚೀಚೆ ಅಲ್ಲಿ ವಿಶ್ವ ವಾಣಿಜ್ಯ ಕೇಂದ್ರವೊಂದನ್ನು ಕಟ್ಟುವ ಪ್ರಸ್ತಾಪಕ್ಕೆ ರಾಜ್ಯ ಸರ್ಕಾರ ಒಲವು ತೋರಿತು. ಆಗ ಬೊನಾನಿ ಕಕ್ಕರ್ ಮುಂತಾದ ನಾಗರಿಕರು ಕಟ್ಟಿದ್ದ ‘ಪೀಪಲ್ ಯುನೈಟೆಡ್ ಫಾರ್ ಬೆಟರ್ ಲಿವಿಂಗ್ ಇನ್ ಕ್ಯಾಲ್ಕಟ್ಟಾ’, ಚಿಕ್ಕದಾಗಿ ‘ಪಬ್ಲಿಕ್’, ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿತು. 1992ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಉಮೇಶಚಂದ್ರ ಬ್ಯಾನರ್ಜಿಯವರು ತೀರ್ಪು ಕೊಟ್ಟರು. ಅಭಿವೃದ್ಧಿ ಬೇಡವೆಂದು ಅವರು ಹೇಳಲಿಲ್ಲ. ಪರಿಸರಕ್ಕೂ ಅಭಿವೃದ್ಧಿಗೂ ಸಮತೋಲ ಬೇಕೆಂದರು. ಆದರೆ ನಕ್ಷೆಯೊಳಗಿನ ನೆಲವನ್ನು ತುಂಬಕೂಡದು, ಅದರ ಉಪಯೋಗವನ್ನು ಬದಲಿಸಕೂಡದು ಎಂದು ಸ್ಪಷ್ಟವಾಗಿ ಆಜ್ಞೆ ಮಾಡಿದರು. ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ಕಾರದ ನೌಕರರೇ ಬರೆದಿದ್ದ ನಕ್ಷೆ ಆಧಾರವಾಯಿತು. ರಾಣಿಯ ಗುತ್ತಿಗೆ ಪತ್ರದಂತೆ ಇಲ್ಲಿಯೂ ಎದುರಾಳಿಯ ಕಾಗದವೇ ಎದುರಾಳಿಯನ್ನು ಕಟ್ಟಿಹಾಕಿತು.

ಮುಂದಿನದನ್ನು ಬೇಗ ಹೇಳಬಹುದು. 2002ರ ಆಗಸ್ಟ್ 19ರಂದು 12,500 ಹೆಕ್ಟೇರು, ಎಂದರೆ ಸುಮಾರು 31 ಸಾವಿರ ಎಕರೆ, ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2006ರಲ್ಲಿ ವಿಧಾನಸಭೆ ಇದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಿ ಪ್ರಾಧಿಕಾರವನ್ನು ನೇಮಿಸಿತು.

ನಮ್ಮ ಬೆಂಗಳೂರನ್ನು ನೆನೆಯದೆ ಇದನ್ನು ಬರೆಯುವುದು ಕಷ್ಟ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. 1980ರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿ ಉಳಿದ ಕೆರೆಗಳನ್ನಾದರೂ ಕಾಪಾಡಿ ಎಂದು ವರದಿ ಕೊಟ್ಟಿತು. ಆಮೇಲೂ ಬೆಳ್ಳಂದೂರಿನ ಕೆರೆಗೆ ನೊರೆ ಬಂತು, ಬೆಂಕಿಯೂ ಹತ್ತಿತು. ಕಲ್ಕತ್ತೆಯಲ್ಲಿ ಮೀನಾಗುವ ಕೊಳಚೆ ಬೆಂಗಳೂರಿನಲ್ಲಿ ನೊರೆಯಾಗುತ್ತದೆ. ಕೆರೆ ಎರಡೂ ಕಡೆ ಇತ್ತು. ಆದರೆ ಕೊಳಚೆಯ ಪ್ರಮಾಣವನ್ನು ದಿನದಿನವೂ ನೋಡಿಕೊಳ್ಳುವ, ಕೆಟ್ಟರೆ ತನ್ನ ಊಟವೇ ಕೆಡುವ ಮನುಷ್ಯ ಒಂದು ಕಡೆ ಮಾತ್ರ ಉಳಿದ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಬರಗಾಲದ ಜಿಲ್ಲೆಗೆ ನೀರು ಬಂದದ್ದು ಒಳ್ಳೆಯದೇ; ನೀರು ಎಷ್ಟು ಶುದ್ಧ ಎಂಬ ವಾದವೂ ಜೊತೆಗೇ ಬಂದಿದೆ.

ಬೇಸಾಯದ ನೆಲದ ಜಗಳವೂ ಎರಡು ರಾಜ್ಯಗಳಿಗೂ ಹೊಸದಲ್ಲ. ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ 2006ರಲ್ಲಿ ಕಾರು ಕಾರ್ಖಾನೆಗಾಗಿ ತೆಗೆದುಕೊಂಡ 997 ಎಕರೆಯ ಸ್ವಾಧೀನವನ್ನು ಸುಪ್ರೀಂ ಕೋರ್ಟು 2016ರ ಆಗಸ್ಟ್ 31ರಂದು ರದ್ದುಪಡಿಸಿತು. ಕಾಂಕ್ರೀಟು ಬಿದ್ದ ಗದ್ದೆ ಮತ್ತೆ ಗದ್ದೆಯಾಗುವುದು ಸುಲಭವಲ್ಲ ಎಂಬುದನ್ನು ಅಲ್ಲಿಯ ರೈತರು ಕಂಡರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು, ವಿಮಾನ ಮತ್ತು ರಕ್ಷಣಾ ಉದ್ಯಮಗಳಿಗಾಗಿ 1,777 ಎಕರೆ ಕೊಡುವುದಿಲ್ಲವೆಂದು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿದರು. ಅಲ್ಲಿ ಕಾಂಕ್ರೀಟು ಬೀಳುವ ಮೊದಲೇ ಮಾತು ಮುಗಿಯಿತು. ಮಾತಾಡಿದವರೂ ನೆಲ ಉಳುವವರೇ.

ಕಲ್ಕತ್ತೆಯ ಮೊಕದ್ದಮೆಯಲ್ಲಿ ನನಗೆ ಒಂದು ಕೊರತೆ ಕಾಣುವುದು ಇಲ್ಲಿಯೇ. ಅರ್ಜಿ ಹಾಕಿದವರು ನಗರದ ವಿದ್ಯಾವಂತರು. ಅವರ ಉಪಕಾರ ದೊಡ್ಡದು. ಆದರೆ ಭೇಡಿಗಳಲ್ಲಿ ಹೆಚ್ಚಿನವು ಖಾಸಗಿ ಒಡೆಯರ ಕೈಯಲ್ಲಿವೆ. ಕೆಲವು ಸಹಕಾರ ಸಂಘಗಳವು, ಕೆಲವು ಸರ್ಕಾರದವು. ಎದೆಮಟ್ಟದ ನೀರಿನಲ್ಲಿ ನಿಂತು ಬಲೆ ಎಳೆಯುವವನು ಬಹುಪಾಲು ಕೂಲಿಯಾಳು. ತೀರ್ಪು ನೆಲವನ್ನು ಕಾಪಾಡಿತು. ಅವನಿಗೆ ನೆಲದಲ್ಲಿ ಪಾಲು ಕೊಡಲಿಲ್ಲ. ಕೆರೆ ತುಂಬುವವರು ಹಗಲಿನಲ್ಲಿ ಲಾರಿ ತಂದು ಮಣ್ಣು ಸುರಿಯಬೇಕೆಂದೇನೂ ಇಲ್ಲ. ಕಾಲುವೆಯಲ್ಲಿ ಹೂಳು ನಿಂತು ಕೊಳಚೆ ನೀರು ಬಾರದಿದ್ದರೆ ಭೇಡಿ ತಾನಾಗಿ ಸೊರಗುತ್ತದೆ. ಸೊರಗಿದ ಮೇಲೆ ಇದು ಕೆರೆಯೇ ಅಲ್ಲ ಎನ್ನುವುದು ಸುಲಭ. ಜೌಗಿನ ಒಳಗೇ ಎದ್ದ ಅಕ್ರಮ ಕಟ್ಟಡಗಳ ವ್ಯಾಜ್ಯ ಹೈಕೋರ್ಟಿನಲ್ಲಿ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಕಾನೂನಿನ ಅಭಾವ ಕಾರಣವಲ್ಲ. ಇನ್ನು ತರಕಾರಿ, ಮೀನಿನಲ್ಲಿ ಲೋಹದ ಅಂಶವಿದೆಯೆಂಬ ಆಕ್ಷೇಪಣೆಯನ್ನೂ ತಳ್ಳಿಹಾಕುವಂತಿಲ್ಲ. ಆದರೆ ಆ ಲೋಹ ಬೆಸ್ತನದಲ್ಲ, ರೈತನದಲ್ಲ. ಕಾರ್ಖಾನೆಗಳು ಕಾಲುವೆಗೆ ಬಿಟ್ಟದ್ದು.

ಧ್ರುವಜ್ಯೋತಿ ಘೋಷ್ 2018ರ ಫೆಬ್ರವರಿ 16ರಂದು ತೀರಿಕೊಂಡರು. ಅವರ ಹೆಸರು ಗೊತ್ತಿಲ್ಲದ ಬಂಗಾಳಿ ಗೆಳೆಯರನ್ನೂ ಕಂಡಿದ್ದೇನೆ. ದಿನಾ ಅದೇ ಕೆರೆಯ ಮೀನು ಕೊಳ್ಳುವವರು.

ಚಳಿಗಾಲದಲ್ಲಿ ಸಂಘದವರು ಸಂಸಾರ ಸಮೇತ ಹೋಗಿ ನೋಡಲು ಈ ಜಾಗ ದೂರವೇನೂ ಅಲ್ಲ. ದಕ್ಷಿಣೇಶ್ವರ, ಬೇಲೂರು ಮಠಗಳನ್ನು ನೋಡಿ ಆದ ಅತಿಥಿಗಳಿಗೂ ತೋರಿಸಬಹುದು. ಸೈನ್ಸ್ ಸಿಟಿಯ ಬಳಿ ಬಾಸಂತಿ ಹೆದ್ದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ಎರಡೂ ಬದಿಗೆ ನೀರು ಕಾಣುತ್ತದೆ. ಬೆಳಕು ಹರಿಯುವ ಹೊತ್ತಿಗೆ ತಲುಪಬೇಕು. ಮೀನಿನ ಹರಾಜು ನಡೆಯುವುದು ಆಗಲೇ, ಬಿಸಿಲೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.