ರಾವೇಜ್ ಇದ್ಯಾ?

2007ರಲ್ಲಿ ವಿಜಯನಗರದ ಒಂದು ಸೈಬರ್ ಕೆಫೆಯಲ್ಲಿ ಕೂತು ನಾನೊಂದು ಸುಳ್ಳು ಹೇಳಿದ್ದೆ. ಕಾಲೇಜು ಫೆಸ್ಟ್‌ನ ಡೋಟಾ ಫೈನಲ್ ಅದು. ನನ್ನ ಹೀರೋ ಟೈಡ್‌ಹಂಟರ್. ಅವನ ದೊಡ್ಡ ಅಸ್ತ್ರ ರಾವೇಜ್. ಸುತ್ತಲಿನ ಶತ್ರುಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆಸೆದು ಕೆಲ ಕ್ಷಣ ಕೈಕಾಲು ಆಡದಂತೆ ಮಾಡುತ್ತೆ. ಒಮ್ಮೆ ಬಳಸಿದ್ರೆ 150 ಸೆಕೆಂಡ್ ಮತ್ತೆ ಸಿಗಲ್ಲ. ಎರಡು ಸೀಟು ಆಚೆಯಿಂದ ಮಂಜ ಕೂಗಿದ, ‘ಲೋ, ರಾವೇಜ್ ಇದ್ಯಾ?’

ಇತ್ತು. ‘ಇಲ್ಲ ಕಣೋ, ಕೂಲ್‌ಡೌನ್’ ಅಂದೆ.

ಈ ಕೂಲ್‌ಡೌನ್ ಅನ್ನೋದು ಡೋಟಾದವರು ಕಂಡುಹಿಡಿದದ್ದಲ್ಲ. 2002ರಲ್ಲಿ ಬಂದ ವಾರ್‌ಕ್ರಾಫ್ಟ್ 3ರಲ್ಲೇ ಹೀರೋಗಳಿದ್ರು, ಅವರಿಗೆ ಅಸ್ತ್ರಗಳಿದ್ವು, ಒಂದೊಂದಕ್ಕೂ ತಣಿಯುವ ಸಮಯ ಇತ್ತು. ಆದರೆ ಅಲ್ಲಿ ಇಡೀ ಸೈನ್ಯ ಒಬ್ಬನ ಕೈಯಲ್ಲಿ. ಯಾವ ಅಸ್ತ್ರ ಸಿದ್ಧ, ಯಾವುದು ಇಲ್ಲ ಅಂತ ಅವನಿಗೆ ಗೊತ್ತೇ ಇರ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. 2003ರಲ್ಲಿ ಯೂಲ್ ಅನ್ನೋ ಹೆಸರಿನಲ್ಲಿ ಒಬ್ಬ ಅದೇ ಗೇಮ್‌ನ ಮ್ಯಾಪ್ ಎಡಿಟರ್‌ನಲ್ಲಿ ಡೋಟಾ ಮ್ಯಾಪ್ ಮಾಡಿದ. ಆಮೇಲೆ ಗ್ವಿನ್ಸೂ, ಆಮೇಲೆ ಐಸ್‌ಫ್ರಾಗ್ ಅದನ್ನು ಬೆಳೆಸಿದ್ರು. ಈಗ ಒಂದು ಕಡೆ ಐದು ಜನ, ತಲಾ ಒಬ್ಬೊಬ್ಬ ಹೀರೋ. ಒಂದೇ ತಲೆಯಲ್ಲಿದ್ದ ಲೆಕ್ಕ ಐದು ತಲೆಗಳಿಗೆ ಹಂಚಿಹೋಯಿತು. ನನ್ನ ಪ್ರಕಾರ ಈ ಆಟಗಳ ಒತ್ತಡ ಹುಟ್ಟಿದ್ದು ಆ ಹಂಚಿಕೆಯಲ್ಲಿ, ಶತ್ರುವಿನಿಂದಲ್ಲ. ನಮ್ಮವರಿಗೆ ಕೇಳದೆ ಗತಿಯಿಲ್ಲ, ನಮಗೆ ಹೇಳದೆ ಗತಿಯಿಲ್ಲ.

ಇದನ್ನು ನಮಗೆ ಯಾವ ಕೋಚೂ ಕಲಿಸಬೇಕಿರಲಿಲ್ಲ, ಕರ್ಣನ ಕಥೆ ನೆನಪಿದ್ದಿದ್ರೆ ಸಾಕಿತ್ತು. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದ ಶಕ್ತಿ ಒಂದೇ ಸಲಕ್ಕೆ. ಅಂದ್ರೆ ಅದರ ಕೂಲ್‌ಡೌನ್‌ಗೆ ಕೊನೆಯೇ ಇಲ್ಲ! ಅರ್ಜುನನಿಗೆ ಅಂತ ಜೋಪಾನವಾಗಿ ಇಟ್ಟುಕೊಂಡಿದ್ದ. ಆ ರಾತ್ರಿ ಘಟೋತ್ಕಚ ಬಂದು ಕೌರವರ ಸೇನೆಯನ್ನು ಅರೆಯುವಾಗ ಕರ್ಣನ ಮೇಲೆ ಒತ್ತಡ ಬಿದ್ದದ್ದು ಎದುರಾಳಿಯಿಂದಲ್ಲ, ‘ಈಗಲೇ ಬಿಡು’ ಅಂತ ಗೋಳಾಡಿದ ತನ್ನ ಕಡೆಯವರಿಂದ. ಬಿಟ್ಟ. ಘಟೋತ್ಕಚ ಸತ್ತ, ಕೃಷ್ಣ ಖುಷಿಪಟ್ಟ. ಅಲ್ಟ್ ಬೈಟ್ ಮಾಡೋದು ಅಂದ್ರೆ ಇದೇ.

ನಾನು ಕರ್ಣನ ಉಲ್ಟಾ. ಇಟ್ಟುಕೊಂಡೇ ಕೂರೋನು. ಅದರ ಹಿಂದಿನ ಜಗಳದಲ್ಲಿ ರಾವೇಜ್ ಹೊಡೆದಾಗ ಒಬ್ಬನೂ ಸಿಕ್ಕಿರಲಿಲ್ಲ, ಕೆಫೆ ಪೂರ್ತಿ ನಕ್ಕಿತ್ತು. ಇನ್ನೊಮ್ಮೆ ತಪ್ಪೋದಕ್ಕಿಂತ ‘ಇಲ್ಲ’ ಅನ್ನೋದೇ ಸುಲಭ ಅನ್ನಿಸ್ತು. ನಾವು ಆಡ್ತಿದ್ದ ಆ ಹಳೇ ವರ್ಷನ್‌ನಲ್ಲಿ ನನ್ನ ಅಸ್ತ್ರದ ಗಡಿಯಾರ ನನಗೆ ಮಾತ್ರ ಕಾಣ್ತಿತ್ತು. ಸೋತ್ವಿ. ಮುಂದಿನ ತಿಂಗಳು ಮಂಜ ಬೇರೆ ಟೀಮ್ ಸೇರಿದ. ಬಸ್ಸು ದೂರ ಆಗುತ್ತೆ ಅಂದ.

ಮತ್ತೆ ನಾವಿಬ್ಬರೂ ಒಂದೇ ಸ್ಕ್ರೀನ್ ಮುಂದೆ ಕೂತದ್ದು 2015ರಲ್ಲಿ, ಡೋಟಾ 2ರ ದಿ ಇಂಟರ್‌ನ್ಯಾಷನಲ್ ಫೈನಲ್ ನೋಡೋಕೆ. ಸಿಯಾಟಲ್‌ನ ಕೀ ಅರೀನಾದಲ್ಲಿ ಆಗಸ್ಟ್ 8, ನಮ್ಮಲ್ಲಿ ಆಗಲೇ 9. ಒಂದು ಕಡೆ ಅಮೆರಿಕದ ಇವಿಲ್ ಜೀನಿಯಸಸ್. ಇನ್ನೊಂದು ಕಡೆ ಚೀನಾದ ಸಿಡಿಇಸಿ, ವೈಲ್ಡ್ ಕಾರ್ಡ್‌ನಿಂದ ಹತ್ತಿ ಬಂದು, ದಾರಿಯಲ್ಲಿ ಇದೇ ಇಜಿಯನ್ನು 2-0 ಸೋಲಿಸಿದ್ದ ತಂಡ. ಒಟ್ಟು ಬಹುಮಾನ 1.8 ಕೋಟಿ ಡಾಲರ್‌ಗೂ ಹೆಚ್ಚು.

ಇಜಿ 2-1 ಮುಂದಿತ್ತು. ನಾಲ್ಕನೇ ಗೇಮ್‌ನಲ್ಲಿ ಸಿಡಿಇಸಿ ರೋಶನ್‌ನ ಗುಹೆಗೆ ನುಗ್ಗಿತು. ರೋಶನ್ ಸತ್ತರೆ ಸಿಗೋದು ಏಜಿಸ್, ಅಂದರೆ ಒಬ್ಬನಿಗೆ ಎರಡನೇ ಜೀವ. ಆದರೆ ಆ ಜಾಗ ಇಕ್ಕಟ್ಟು, ಒಳಗೆ ಹೋದವರು ಒತ್ತಾಗಿ ನಿಲ್ಲಲೇಬೇಕು. ಇಜಿಯ ಯೂನಿವರ್ಸ್ ಆಡುತ್ತಿದ್ದದ್ದು ಅರ್ಥ್‌ಶೇಕರ್. ಅವನ ಎಕೋ ಸ್ಲ್ಯಾಮ್‌ನ ಗುಣ ಏನಂದ್ರೆ, ಶತ್ರುಗಳು ಹೆಚ್ಚಿದಷ್ಟೂ ಏಟು ಹೆಚ್ಚು. ತಪ್ಪಿದ್ರೆ ಸುಮಾರು ಎರಡು ನಿಮಿಷ ಬರಿಗೈ. ಅಂದಹಾಗೆ ಯೂನಿವರ್ಸ್‌ನ ನಿಜವಾದ ಹೆಸರು ಸಾಹಿಲ್ ಅರೋರಾ, ಭಾರತೀಯ ಮೂಲದವನು.

ಅವನು ಹಾರಿ ಬಿದ್ದ, ನೆಲ ಗುದ್ದಿದ, ಜಗಳ ಅಲ್ಲಿಗೇ ಮುಗೀತು. ಇಜಿ 3-1ರಲ್ಲಿ ಗೆದ್ದು 66 ಲಕ್ಷ ಡಾಲರ್ ಒಯ್ದಿತು. ಆ ಏಟಿಗೆ ‘ಆರು ಮಿಲಿಯನ್ ಡಾಲರ್ ಎಕೋ ಸ್ಲ್ಯಾಮ್’ ಅಂತಲೇ ಹೆಸರಾಯಿತು.

ಈ ಹೆಸರಿನ ಮೇಲೆ ನನಗೊಂದು ತಕರಾರಿದೆ. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ. ಎಕೋ ಸ್ಲ್ಯಾಮ್‌ಗೂ ಮುಂಚೆ ದೂರದಿಂದ ಒಂದು ಐಸ್ ಬ್ಲಾಸ್ಟ್ ಬಂದು ಗುಹೆಯ ಮೇಲೆ ಬೀಳುತ್ತೆ. ಅದು ತಗುಲಿದವರಿಗೆ ಜೀವ ಚೇತರಿಸಿಕೊಳ್ಳಲ್ಲ, ತೀರಾ ಇಳಿದ್ರೆ ಒಡೆದೇ ಹೋಗ್ತಾರೆ. ಕಳಿಸಿದವನು ಕ್ಯಾಪ್ಟನ್ ಪೀಟರ್ ಡೇಗರ್, ಅಂದ್ರೆ ಪಿಪಿಡಿ. ಅವನದು ಹೋಗಿದ್ದು ಯೂನಿವರ್ಸ್‌ಗೆ ಗೊತ್ತು, ಯೂನಿವರ್ಸ್‌ನದು ಇದೆ ಅಂತ ಅವನಿಗೆ ಗೊತ್ತು. ಎರಡು ತಲೆ, ಒಂದು ಗಡಿಯಾರ. ಚರಿತ್ರೆ ಮಾತ್ರ ಒಂದೇ ಹೆಸರು ಬರೆದುಕೊಂಡಿತು.

ಡೋಟಾ 2ರಲ್ಲಿ ಈಗ ಜೊತೆಗಾರನ ಅಲ್ಟ್ ಸಿದ್ಧವಾದ್ರೆ ಸ್ಕ್ರೀನ್ ಮೇಲ್ಗಡೆ ಅವನ ಚಿತ್ರದ ಹತ್ರ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತೆ. ನನ್ನಂಥವರಿಗೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ.

ಅವತ್ತು ಮ್ಯಾಚ್ ಮುಗಿದ ಮೇಲೆ ಹೇಳಿಯೇಬಿಟ್ಟೆ. ‘ಮಂಜ, ಫೆಸ್ಟ್ ಫೈನಲ್‌ನಲ್ಲಿ ನನ್ನ ಹತ್ರ ರಾವೇಜ್ ಇತ್ತು ಕಣೋ.’

ಅವನು ಚಾರ್ಜರ್ ಸುತ್ತುತ್ತಿದ್ದ. ‘ಗೊತ್ತಿತ್ತು,’ ಅಂದ. ‘ನಾನೂ ಸೆಕೆಂಡ್ ಎಣಿಸ್ತಿದ್ದೆ.’